ಸಿಂಗಾಪುರದಲ್ಲಿ 11 ಗಂಟೆ ಗ್ಯಾಪ್ ಇದೆ, ಅಮ್ಮ-ಮಕ್ಕಳ ಜೊತೆ ಊರು ನೋಡಿ ಬರಬಹುದಾ?

ಧಾರಾಳವಾಗಿ ಹೋಗಿ ಬನ್ನಿ. ಸೋಮವಾರಪೇಟೆಯಿಂದ ಹೊರಟು ಮೆಲ್ಬರ್ನ್‌ಗೆ, ಬೆಳಗ್ಗೆ ಆರಕ್ಕೆ ಸಿಂಗಾಪುರ, ಸಂಜೆ ಐದಕ್ಕೆ ಮುಂದಿನ ವಿಮಾನ, ಜೊತೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಮತ್ತು ಇಬ್ಬರು ಮಕ್ಕಳು ಅಂತ ಬರೆದಿದ್ದೀರಿ. ನಾವೂ ಕೊಡಗಿನವರೇ. ಅತ್ತೆ, ಮಾವ, ಮಗಳು ಎಲ್ಲರನ್ನೂ ಕರೆದುಕೊಂಡು ಇದೇ ದಾರಿಯಲ್ಲಿ ಹೋಗಿದ್ದೆವು.

ಬೇರೆಯವರು ಗಂಟೆಯ ಲೆಕ್ಕವನ್ನು ಸಿಂಗಾಪುರದಿಂದ ಶುರು ಮಾಡುತ್ತಾರೆ. ನಾವು ಮನೆ ಬಾಗಿಲಿಂದಲೇ ಮಾಡಬೇಕು. ನಮ್ಮ ಜಿಲ್ಲೆಯಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಧ್ಯಾಹ್ನ ಉಂಡು ಹೊರಟರೆ ಬೆಂಗಳೂರು ದಾಟಿ ದೇವನಹಳ್ಳಿ ಸೇರುವಾಗ ರಾತ್ರಿ. ಆಮೇಲೆ ನಾಲ್ಕೂವರೆ ಗಂಟೆಯಷ್ಟು ವಿಮಾನ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಅಂದರೆ ಅಲ್ಲಿ ಆರು ಗಂಟೆ ಆಗಿದ್ದರೂ ಅಮ್ಮನ ಮೈಗೆ ಇನ್ನೂ ಮೂರೂವರೆಯ ಜಾವ. ಹಾಗಾಗಿ ಸೆಂಟೋಸಾ ದ್ವೀಪ, ಝೂ ಎಲ್ಲ ಬಿಟ್ಟುಬಿಡಿ. ಎರಡು ಜಾಗ ಸಾಕು.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್‌ಗೆ ಸಿಂಗಾಪುರದೊಳಗೆ ಹೋಗಲು ವೀಸಾ ಬೇಕು. ಆದರೆ ಆಸ್ಟ್ರೇಲಿಯಾ ವೀಸಾ ಮತ್ತು ಮುಂದಿನ ಟಿಕೆಟ್ ಇದ್ದವರಿಗೆ 96 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ ಇದೆ. ಷರತ್ತುಗಳನ್ನು ಅಲ್ಲಿನ ಇಮಿಗ್ರೇಷನ್ ಸೈಟಿನಲ್ಲೇ ಓದಿಕೊಳ್ಳಿ, ಕೌಂಟರ್‌ನಲ್ಲಿ ಕೂತ ಅಧಿಕಾರಿಯದೇ ಕೊನೆಯ ಮಾತು. ಅರೈವಲ್ ಕಾರ್ಡನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತುಂಬಿ, ಇಳಿಯುವ ದಿನವೂ ಸೇರಿ ಅದಕ್ಕೆ ಮುಂಚಿನ ಮೂರು ದಿನದೊಳಗೆ. ಅದು ಉಚಿತ, ದುಡ್ಡು ಕೇಳುವ ಸೈಟ್ ಕಂಡರೆ ಮುಚ್ಚಿಬಿಡಿ. ಬ್ಯಾಗಿನ ಟ್ಯಾಗ್ ಮೆಲ್ಬರ್ನ್‌ವರೆಗೆ ಹಾಕಿದ್ದಾರಾ ಅಂತ ಬೆಂಗಳೂರಲ್ಲೇ ನೋಡಿಕೊಳ್ಳಿ. ಕೈಬ್ಯಾಗ್ ಭಾರ ಅನ್ನಿಸಿದರೆ ಸಿಂಗಾಪುರದ ಚಾಂಗಿ ಏರ್‌ಪೋರ್ಟ್‌ನಲ್ಲಿ ಇಟ್ಟು ಹೋಗುವ ಕೌಂಟರ್ ಇದೆ.

ಇನ್ನು ದಾರಿ. ಏರ್‌ಪೋರ್ಟ್‌ನಿಂದ ಎಂಆರ್‌ಟಿ, ಅಂದರೆ ಅಲ್ಲಿನ ಮೆಟ್ರೋ ರೈಲು ಹತ್ತಿ, ಮುಂದಿನ ನಿಲ್ದಾಣ ಎಕ್ಸ್‌ಪೋದಲ್ಲಿ ಇಳಿದು ಡೌನ್‌ಟೌನ್ ಲೈನ್ ಹಿಡಿಯಿರಿ. ಅದೇ ರೈಲು ಮೊದಲು ಬೇಫ್ರಂಟ್, ಆಮೇಲೆ ಲಿಟಲ್ ಇಂಡಿಯಾಗೆ ಹೋಗುತ್ತದೆ. ಅಮ್ಮನಿಗೆ ಮತ್ತೆ ರೈಲು ಬದಲಿಸುವ ಕಷ್ಟ ಇಲ್ಲ, ನಿಲ್ದಾಣದಲ್ಲಿ ಲಿಫ್ಟ್ ಇದೆ. ನಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ತಲೆಗೊಂದು ಕಾರ್ಡ್ ಬೇಕು ಅಷ್ಟೇ. ರೈಲಿನೊಳಗೆ ತಿನ್ನುವುದು, ಕುಡಿಯುವುದು ಎರಡಕ್ಕೂ ದಂಡ ಇದೆ. ಮಕ್ಕಳ ಬಿಸ್ಕೆಟ್ ಹೊರಗೇ ಮುಗಿಸಿ.

ಬೇಫ್ರಂಟ್‌ನಲ್ಲಿ ಇಳಿದರೆ ಗಾರ್ಡನ್ಸ್ ಬೈ ದ ಬೇ. ಸೂಪರ್‌ಟ್ರೀ ಅನ್ನುವ ಆ ಎತ್ತರದ ಕೃತಕ ಮರಗಳ ಕೆಳಗೆ ಓಡಾಡಲು ಟಿಕೆಟ್ ಬೇಡ. ಬೆಳಗ್ಗೆ ಬೇಗ ನೋಡಿಬಿಡಿ, ಹತ್ತರ ಮೇಲೆ ಸೆಕೆ ನಮ್ಮಂಥವರಿಗೆ ತಡೆಯೋದಿಲ್ಲ. ಮಳೆ ಬಂದರೆ ಹೆದರುವವರು ನೀವಲ್ಲ ಬಿಡಿ, ಆದರೂ ಕೊಡೆ ಇರಲಿ.

ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ತಿಂಡಿ. ದೋಸೆ, ಇಡ್ಲಿ ಸಿಗುತ್ತದೆ, ಅಮ್ಮನಿಗೆ ಹೊಟ್ಟೆಯ ಚಿಂತೆ ಇಲ್ಲ. ಆದರೆ ಕಾಫಿ ತೋಟ ಇದ್ದವರು ಅಲ್ಲಿನ ಕಾಫಿ, ‘ಕೋಪಿ’, ಕುಡಿಯದೆ ಬರಬೇಡಿ. ಹೆಚ್ಚಾಗಿ ರೊಬಸ್ಟಾ ಜಾತಿಯ ಕಾಫಿ ಬೀಜ, ಸಕ್ಕರೆ ಮತ್ತು ಮಾರ್ಗರಿನ್ ಹಾಕಿ ಕಪ್ಪಗೆ ಹುರಿದು, ಬಟ್ಟೆಯ ಚೀಲದಲ್ಲಿ ಸೋಸಿ, ಕಂಡೆನ್ಸ್ಡ್ ಹಾಲು ಬೆರೆಸುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ‘ಕೋಪಿ ಓ ಕೋಸೊಂಗ್’ ಅನ್ನಿ, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ನಮ್ಮ ಮಾವ ಲೋಟ ಮೂಸಿ ನೋಡಿ, "ರೊಬಸ್ಟಾಗೆ ಇಷ್ಟು ಮರ್ಯಾದೆ ಇಲ್ಲಿ ಕೊಡ್ತಾರಲ್ಲ, ನಮ್ಮ ಕ್ಯೂರಿಂಗ್‌ನವರು ಕೊಡಲ್ಲ" ಅಂದರು, ಬೀಜ ಕೊಂಡು ಹದಮಾಡುವ ನಮ್ಮೂರ ಕಾರ್ಖಾನೆಯವರ ಬಗ್ಗೆ. ಅತ್ತೆಗೆ ಮಾತ್ರ ಒಂದು ಗುಟುಕೂ ಸೇರಲಿಲ್ಲ.

ಹನ್ನೆರಡರ ಹೊತ್ತಿಗೆ ಟ್ಯಾಕ್ಸಿ ಹಿಡಿದು ವಾಪಸ್ ಬನ್ನಿ, ಆಗ ಮತ್ತೆ ಮೆಟ್ರೋ ಬೇಡ. ಜ್ಯುವೆಲ್ ಅನ್ನುವ ಮಾಲ್‌ಗೆ ಹೋಗೋದು ಆಮೇಲೆಯೇ. ಏರ್‌ಪೋರ್ಟ್‌ಗೆ ಅಂಟಿಕೊಂಡೇ ಇದೆ, 40 ಮೀಟರ್ ಎತ್ತರದ ಒಳಾಂಗಣ ಜಲಪಾತ. ಬೆಳಗ್ಗೆ ಇಳಿದ ತಕ್ಷಣ ಹೋದರೆ ನೀರು ಬಿಟ್ಟಿರೋದಿಲ್ಲ. ಮಳೆಗಾಲದ ಅಬ್ಬಿ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು, ಆದರೆ ಎಸಿಯಲ್ಲಿ ಕೂತು ನೋಡೋದೂ ಒಂದು ಸುಖ ಅಲ್ವಾ? ಅಮ್ಮನನ್ನು ಅಲ್ಲಿ ಕೂರಿಸಿ, ಮಕ್ಕಳು ಸುತ್ತಾಡಲಿ. ಎರಡೂವರೆಗೆ ಇಮಿಗ್ರೇಷನ್ ಒಳಗಿರಿ.

ಲಿಟಲ್ ಇಂಡಿಯಾದಲ್ಲಿ ಮುಸ್ತಫಾ ಸೆಂಟರ್ ಅನ್ನುವ ದೊಡ್ಡ ಅಂಗಡಿ ಕಂಡರೆ ಹೋಗುವಾಗ ಒಳಗೆ ಕಾಲಿಡಬೇಡಿ. ಬರುವಾಗ ನೋಡಿಕೊಳ್ಳಿ, ಅಲ್ಲಿ ಕೊಂಡದ್ದನ್ನೆಲ್ಲ ಮೆಲ್ಬರ್ನ್‌ವರೆಗೆ ಹೊತ್ತು ಮತ್ತೆ ಸೋಮವಾರಪೇಟೆಗೆ ತರುವವರು ನೀವೇ.