ಜಾಮೀನು ಸಿಕ್ಕ ಮೇಲೂ ಆರೋಪಿ ಜೈಲಿನಲ್ಲೇ ಉಳಿಯುವುದೇಕೆ?

ಜಾಮೀನು ಆದೇಶ ಬೇರೆ, ಬಿಡುಗಡೆ ಆದೇಶ ಬೇರೆ. ಮೊದಲನೆಯದರ ಷರತ್ತು ಪೂರೈಸಿದ ಮೇಲಷ್ಟೇ ಎರಡನೆಯದು ಜೈಲಿಗೆ ಹೋಗುತ್ತದೆ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಶ್ಯೂರಿಟಿಯಲ್ಲಿ, ಅಂದರೆ ಜಾಮೀನುದಾರರನ್ನು ಒದಗಿಸುವುದರಲ್ಲಿ.

“50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ” ಎಂದಿದ್ದರೆ ಹಣ ಕಟ್ಟಬೇಕಿಲ್ಲ. ಆರೋಪಿ ತಪ್ಪಿಸಿಕೊಂಡರೆ ಅಷ್ಟು ತೆರುವ ಶಕ್ತಿ ತನಗಿದೆ ಎಂದು ಒಬ್ಬರು ದಾಖಲೆ ಸಮೇತ ಕೋರ್ಟಿನಲ್ಲಿ ನಿಲ್ಲಬೇಕು. ಕರ್ನಾಟಕದಲ್ಲಿ ಸಾಮಾನ್ಯವಾಗಿ ಪಹಣಿ, ಆಧಾರ್ ಕೇಳುತ್ತಾರೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ, ಅಥವಾ ಅದರಲ್ಲಿ ‘ಹನುಮಪ್ಪ’, ಆಧಾರಿನಲ್ಲಿ ‘ಹನುಮಂತಪ್ಪ’ ಎಂದಿದ್ದರೆ ಆ ದಿನ ಹೋಯಿತೆಂದೇ ಲೆಕ್ಕ. ಊರು ಬಿಟ್ಟು ಬಂದ ಕೂಲಿಕಾರನಿಗಂತೂ ಪಹಣಿ ಇರುವವರ ಪರಿಚಯವೇ ಇರುವುದಿಲ್ಲ. ಇದು ಬಡತನಕ್ಕೆ ಕೊಡುವ ಶಿಕ್ಷೆಯೇ ಸರಿ.

ದಾರಿ ಇದೆ. ಸುಪ್ರೀಂ ಕೋರ್ಟಿನ 2023ರ ಜನವರಿ 31ರ ನಿರ್ದೇಶನದಂತೆ, ಜಾಮೀನಾಗಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳೊಳಗೆ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು. ಅಲ್ಲಿಯವರೆಗೆ ಕಾಯಬೇಡಿ, ಶ್ಯೂರಿಟಿ ಬದಲು ನಗದು ಠೇವಣಿಗೆ ಅವಕಾಶ ಕೋರಿ ಅರ್ಜಿ ಹಾಕಿಸಿ. ಬೇರೆ ಕೇಸಿನ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಆ ಕೇಸಿಗಾಗಿ ಹಾಜರುಪಡಿಸಿ ಎಂಬ ಕೋರ್ಟ್ ಆದೇಶ) ಇದ್ದರೆ ಮಾತ್ರ ಇದ್ಯಾವುದೂ ಸಾಲದು, ಅದಕ್ಕೂ ಪ್ರತ್ಯೇಕ ಜಾಮೀನು ಬೇಕು.