ಆರ್ಗಾನ್ ಒಂದೇ ಸಾಕು: ಬರಹಗಾರರಿಗೆ ಸಲಹೆ

ನಮಸ್ಕಾರ. ಬೇರೆ ವಸ್ತುಗಳೊಂದಿಗೆ ಸುಲಭವಾಗಿ ಸೇರದ ಜಡಾನಿಲಗಳ ಹೆಸರಿನ ಮೂಲ ಕುರಿತ ನಿಮ್ಮ ಲೇಖನ ತಲುಪಿತು. ಈಗಿರುವಂತೆ ಭಾನುವಾರದ ಪುರವಣಿಗೆ ಹಾಕಲಾರೆ. ಆದರೆ ಆರ್ಗಾನ್ ಬಗ್ಗೆ ಬರೆದ ಎರಡು ಪ್ಯಾರಾ ಬಿಟ್ಟುಕೊಡಲು ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಒಂದೂವರೆ ಪುಟ ಪೂರ್ತಿ ಮಡಿಕೇರಿಯ ಮಂಜು, ಕಾಫಿ ಹೂವಿನ ಘಮ. ತೆಗೆದುಬಿಡಿ. ನಮ್ಮ ಓದುಗರು ಕಿಟಕಿ ತೆರೆದರೆ ಅದೇ ತಾನೇ? ಆಮೇಲೆ ಆರೂ ಅನಿಲಗಳಿಗೆ ಅರ್ಥ ಕೊಟ್ಟಿದ್ದೀರಿ: ನಿಯಾನ್ ಹೊಸತು, ಕ್ರಿಪ್ಟಾನ್ ಅಡಗಿದ್ದು, ಕ್ಸೆನಾನ್ ಅಪರಿಚಿತ. ತಪ್ಪಿಲ್ಲ, ಆದರೆ ಪರೀಕ್ಷೆಯ ಹಿಂದಿನ ರಾತ್ರಿಯ ನೋಟ್ಸಿನ ಹಾಗಿದೆ.

'1894ರಲ್ಲಿ ರಾಮ್ಸೆ ಆರ್ಗಾನ್ ಕಂಡುಹಿಡಿದು ಹೆಸರಿಟ್ಟರು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಭೌತವಿಜ್ಞಾನಿ ರೇಲಿ ಎಲ್ಲಿ ಹೋದರು? ಗಾಳಿಯಿಂದ ಬೇರ್ಪಡಿಸಿದ ಸಾರಜನಕ ಲೀಟರಿಗೆ 1.2572 ಗ್ರಾಂ ತೂಗಿತು, ರಾಸಾಯನಿಕಗಳಿಂದ ತಯಾರಿಸಿದ್ದು 1.2505. ತಕ್ಕಡಿಯ ದೋಷವೆಂದು ತಳ್ಳಿಹಾಕಬಹುದಾದಷ್ಟೇ ವ್ಯತ್ಯಾಸ. ರೇಲಿ ಅದನ್ನು ಬಿಡಲಿಲ್ಲ. ರಸಾಯನವಿಜ್ಞಾನಿ ರಾಮ್ಸೆ ಜೊತೆಗೂಡಿದರು. ಗಾಳಿಯ ಸಾರಜನಕದಲ್ಲಿ ಬೆರೆತಿದ್ದ ಆರ್ಗಾನೇ ಆ ಹೆಚ್ಚಿನ ತೂಕಕ್ಕೆ ಕಾರಣ. 1785ರಲ್ಲೇ ಇಂಗ್ಲಿಷ್ ವಿಜ್ಞಾನಿ ಕ್ಯಾವೆಂಡಿಷ್ ಗಾಳಿಗೆ ವಿದ್ಯುತ್ ಕಿಡಿ ಹಾಯಿಸಿ ಸಾರಜನಕವನ್ನೆಲ್ಲ ತೆಗೆದಾಗ ಒಂದು ಪುಟ್ಟ ಗುಳ್ಳೆ ಉಳಿದಿತ್ತು, 120ರಲ್ಲಿ ಒಂದು ಪಾಲನ್ನೂ ಮೀರದಷ್ಟು. ಅದೇ ಆರ್ಗಾನ್. ನೂರು ವರ್ಷ ಅದು ಯಾರಿಗೂ ಬೇಕಾಗಿರಲಿಲ್ಲ! ಲೇಖನ ಈ ಗುಳ್ಳೆಯಿಂದಲೇ ಶುರುವಾಗಲಿ.

ಹೆಸರು ಸೂಚಿಸಿದ್ದೂ ರಾಮ್ಸೆ ಅಲ್ಲ. ಆಕ್ಸ್‌ಫರ್ಡ್‌ನ ವಿಜ್ಞಾನಿಗಳ ಸಭೆಯಲ್ಲಿ ಈ ಸುದ್ದಿ ಪ್ರಕಟವಾದಾಗ ಅಧ್ಯಕ್ಷತೆ ವಹಿಸಿದ್ದ ಮೇಡನ್. ಗ್ರೀಕಿನಲ್ಲಿ ಎರ್ಗಾನ್ ಎಂದರೆ ಕೆಲಸ, ಪದದ ಮೊದಲಿಗೆ ಸೇರಿದ 'ಅ' ನಮ್ಮ 'ಅನ್ಯಾಯ'ದ ಅಕಾರದಂತೆಯೇ ಇಲ್ಲವೆನ್ನುತ್ತದೆ. ಸೋಮಾರಿ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ, ಇಲ್ಲಿ ನಿಲ್ಲಬೇಕಿತ್ತು.

'ಯಾವುದರೊಂದಿಗೂ ಎಂದೂ ಸೇರದು' ಎಂಬ ಸಾಲು ಹೊಡೆದುಹಾಕಿ. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅತಿಶೀತದಲ್ಲಿ ಅದನ್ನು ಹೈಡ್ರೋಜನ್, ಫ್ಲೋರಿನ್ ಜೊತೆ ಸೇರಿಸಿದ್ದಾರೆ. 'ಉಪಯೋಗಕ್ಕೆ ಬಾರದ ಅನಿಲ' ಎಂಬುದಂತೂ ನಿಮ್ಮ ಊರಲ್ಲೇ ಸುಳ್ಳಾಗುತ್ತದೆ. ಕುಶಾಲನಗರದಲ್ಲಿ ಸ್ಟೀಲ್ ರೇಲಿಂಗ್ ಮಾಡುವ ಯಾವುದಾದರೂ ವರ್ಕ್‌ಶಾಪಿಗೆ ಹೋಗಿ 'ಆರ್ಗಾನ್ ವೆಲ್ಡಿಂಗ್ ಇದೆಯಾ' ಎಂದು ಕೇಳಿ. ಕಾದು ಕರಗಿದ ಸ್ಟೀಲಿಗೆ ಆಮ್ಲಜನಕ ತಾಗದಂತೆ ಸುತ್ತ ನಿಲ್ಲುವುದು ಇದೇ ಅನಿಲ. ಏನೂ ಮಾಡದಿರುವುದೇ ಅಲ್ಲಿ ಅದರ ಕೆಲಸ. ವೆಲ್ಡರ್ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ.

ಆರುನೂರು ಪದದೊಳಗೆ ತಿದ್ದಿ ಕಳಿಸಿ. ದಯವಿಟ್ಟು ಟೈಪ್ ಮಾಡಿಸಿ. ಗಾಳಿಯಲ್ಲಿ ಆರ್ಗಾನ್ ಶೇಕಡಾ 0.93 ಎಂದು ನೀವು ಬರೆದದ್ದು ನನಗೆ 93 ಎಂದು ಕಂಡು ಗಾಬರಿಯಾಯಿತು.