ರೂಪಾಯಿ ಬಿದ್ದಾಗ ರಫ್ತು ಶುರು ಮಾಡಿದರೆ ಲಾಭ ಜಾಸ್ತಿ ಅಲ್ವಾ?

ರೂಪಾಯಿ ಬಿದ್ದಿದೆ, ಬೆಳಗಾವಿಯಿಂದ ಕಾಸ್ಟಿಂಗ್ (ಎರಕದ ಮಾಲು) ರಫ್ತು ಶುರು ಮಾಡಲಾ ಅಂತ ಕೇಳಿದ್ದೀರಿ. ಮಾಡಿ. ಆದರೆ ರೂಪಾಯಿ ನೋಡಿ ಮಾಡಬೇಡಿ. 2013ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಫೌಂಡ್ರಿ, ಕೋಕ್ ಉರಿಸಿ ಕಬ್ಬಿಣ ಕರಗಿಸುವ ಕ್ಯುಪೋಲಾ ಕುಲುಮೆ. ಅಮೆರಿಕದ ಒಬ್ಬ ಗಿರಾಕಿಗೆ ಪಂಪಿನ ಬಾಡಿ ಎರಕ ಹೊಯ್ದು ಕಳಿಸುತ್ತಿದ್ದೆವು. ದರ ಕೆಜಿಗಿಷ್ಟು ಅಂತ, ಡಾಲರಿನಲ್ಲಿ. ಆ ವರ್ಷ ಮೇ ಶುರುವಿನಲ್ಲಿ ಡಾಲರಿಗೆ 54 ರೂಪಾಯಿ ಆಸುಪಾಸು ಇತ್ತು. ಆಗಸ್ಟ್ ಕೊನೆಗೆ 68 ದಾಟಿತು. ನಮಗೆ ಖುಷಿಯೋ ಖುಷಿ. ಅಷ್ಟರಲ್ಲಿ ಗಿರಾಕಿಯ ಮೇಲ್ ಬಂತು, ನಿಮ್ಮ ರೂಪಾಯಿ ಬಿದ್ದಿದೆಯಲ್ಲ, ದರ ಇಳಿಸಿ ಅಂತ. ಇಳಿಸಿದೆ.

ಪೆಟ್ಟು ಬಿದ್ದದ್ದು ಇಲ್ಲೇ, ಬಿಡಿಸಿ ಹೇಳ್ತೀನಿ. ಈ ರಿಯಾಯಿತಿ ರೂಪಾಯಿ ಕೆಳಗಿರುವವರೆಗೆ ಮಾತ್ರ ಅಂತ ಒಂದು ಸಾಲು ಬರೆಸಲಿಲ್ಲ. ಸ್ಕ್ರ್ಯಾಪ್, ಪಿಗ್ ಐರನ್ (ಕಚ್ಚಾ ಕಬ್ಬಿಣ), ಕೋಕ್ ದರ ಏರಿದರೆ ನಮ್ಮ ದರವೂ ಏರಬೇಕು ಅನ್ನುವ ಷರತ್ತೂ ಪಿಒನಲ್ಲಿ, ಅಂದರೆ ಗಿರಾಕಿ ಕೊಡುವ ಖರೀದಿ ಆದೇಶದಲ್ಲಿ, ಇರಲಿಲ್ಲ. ಕೋಕ್ ಮಾಡುವ ಕಲ್ಲಿದ್ದಲನ್ನು ನಮ್ಮ ದೇಶ ಬಹುಪಾಲು ಆಸ್ಟ್ರೇಲಿಯಾದಂಥ ಕಡೆಯಿಂದ ತರಿಸುತ್ತೆ. ಅದಕ್ಕೂ ಡಾಲರೇ ಎಣಿಸಬೇಕು. ರೂಪಾಯಿ ಬಿದ್ದ ಲಾಭ ಗಿರಾಕಿಗೆ ಹೋಯ್ತು, ಬಿಸಿ ನಮಗೆ ತಟ್ಟಿತು. ವರ್ಷದ ಕೊನೆಗೆ ಡಾಲರ್ 62ಕ್ಕೆ ಇಳಿಯಿತು. ನಮ್ಮ ದರ ಮಾತ್ರ ಮೇಲೇಳಲಿಲ್ಲ. ಕೇಳಿದರೆ ಬೇರೆ ದೇಶದ ಫೌಂಡ್ರಿಗಳ ಕೊಟೇಶನ್ ಮುಂದಿಟ್ಟರು.

ಆ ಬಾಡಿಯ ಮೇಲೆ ಉಬ್ಬು ಅಕ್ಷರದಲ್ಲಿ ಅವರ ಹೆಸರಿತ್ತು. ಪ್ಯಾಟರ್ನೂ, ಅಂದರೆ ಅಚ್ಚು ತೆಗೆಯುವ ಮಾದರಿಯೂ, ಅವರದ್ದೇ. ಬೇಕೆಂದಾಗ ಎತ್ತಿ ಇನ್ನೊಬ್ಬರಿಗೆ ಕೊಡಬಹುದಿತ್ತು. ದರ ಮಾತಾಡೋಕೆ ನಮ್ಮ ಕೈಯಲ್ಲಿ ಏನಿತ್ತು? ಫೆಟ್ಲಿಂಗಿನ ಹುಡುಗ ದಿನವಿಡೀ ಗ್ರೈಂಡರ್ ಹಿಡಿದು ಆ ಬಾಡಿಗಳ ಅಂಚು ಸವರುತ್ತಿದ್ದ. ಆ ವರ್ಷ ಅವನ ಪಗಾರ ಏರಿಸೋಕೆ ಆಗಲಿಲ್ಲ. ನನಗೆ ಈಗಲೂ ಅದೇ ಸಂಕಟ.

ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಶ್ 1950ರ ಹೊತ್ತಿಗೇ ಇದನ್ನು ಹೇಳಿದ್ದರು. ಶ್ರೀಮಂತ ದೇಶದಲ್ಲಿ ಕೆಲಸ ಚುರುಕಾದರೆ ಅದರ ಫಲ ಪಗಾರವಾಗಿ, ಲಾಭವಾಗಿ ಅಲ್ಲೇ ಉಳಿಯುತ್ತೆ. ಬಡ ದೇಶದಲ್ಲಿ ಅಗ್ಗದ ದರವಾಗಿ ಹೊರಗೆ ಹರಿದುಹೋಗುತ್ತೆ. ಅವರ ಮಾತು ಮುಖ್ಯವಾಗಿ ಕಚ್ಚಾ ಮಾಲಿನದು. ನಾವು ಮಾರುವುದು ಕಾರ್ಖಾನೆ ಮಾಲು, ಆದರೂ ಕತೆ ಅದೇ ಯಾಕೆ? ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅರ್ಗಿರಿ ಇಮ್ಯಾನುಯೆಲ್ 1969ರಲ್ಲಿ ಕೊಟ್ಟ ಉತ್ತರ ನನಗೆ ಸರಿ ಅನ್ನಿಸುತ್ತೆ. ಯಾವ ಮಾಲು ಅನ್ನೋದಕ್ಕಿಂತ ಅದನ್ನು ಮಾಡಿದವನ ಕೂಲಿ ಎಷ್ಟು ಅನ್ನೋದೇ ದೊಡ್ಡದು. ಬಂಡವಾಳ ಸಲೀಸಾಗಿ ಗಡಿ ದಾಟುತ್ತೆ, ಕೂಲಿಯವನು ದಾಟಲಾರ. ಹಾಗಾಗಿ ನಮ್ಮವರ ಹೆಚ್ಚು ದುಡಿಮೆ ಕೊಟ್ಟು ಅವರ ಕಡಿಮೆ ದುಡಿಮೆ ಕೊಳ್ಳುತ್ತೇವೆ. ಎಲ್ಲ ಅರ್ಥಶಾಸ್ತ್ರಜ್ಞರೂ ಇದನ್ನು ಒಪ್ಪಲ್ಲ. ಕುಲುಮೆ ಮುಂದೆ ನಿಂತವನಾಗಿ ನಾನು ಒಪ್ತೀನಿ.

ನಾವು ಅಗ್ಗ ಅಂತ ಹೇಳಿಕೊಂಡು ಹೋಗಲೇಬೇಡಿ. ನಮ್ಮೂರಲ್ಲಿ ಹೈಡ್ರಾಲಿಕ್ಸ್ ಕೆಲಸ ಗೊತ್ತಿರುವ ಒಳ್ಳೆಯ ಟರ್ನರ್‌ಗಳಿದ್ದಾರೆ. ಮಷಿನಿಂಗ್, ಪ್ರೆಶರ್ ಟೆಸ್ಟ್ ಎಲ್ಲ ಇಲ್ಲೇ ಮುಗಿಸಿ, ದರ ಪೀಸಿಗೆ ಹೇಳಿ. ಕಚ್ಚಾ ಮಾಲಿನ ಷರತ್ತನ್ನು ಮೊದಲ ಪಿಒನಲ್ಲೇ ಬರೆಸಿ. ಮಾಲು ಹೋಗೋಕೆ ಶುರುವಾದ ಮೇಲೆ ಯಾರೂ ಬರೆದುಕೊಡಲ್ಲ.